ಒಂದು ಕೋಣೆಗೆ ಸಾಕಾಗುವಷ್ಟು ಸದ್ದು

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸದ್ದನ್ನು ಅಳೆಯುವುದು ಊರಿನ ಲೆಕ್ಕದಲ್ಲಿ. ಮೈಕ್ ಸೆಟ್‌ನವನು ಮೊದಲು ಕೇಳುವುದೇ ‘ಎಷ್ಟು ಹಾರನ್ ಕಟ್ಟಬೇಕು?’ ಅಂತ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಜಾತ್ರೆಯಾಗಲಿ, ಚುಂಚನಕಟ್ಟೆಯ ದನಗಳ ಜಾತ್ರೆಯಾಗಲಿ, ಮನೆ ಮುಂದಿನ ಚಪ್ಪರವಾಗಲಿ, ಆಚೆ ಊರಿಗೆ ಕೇಳಿಸದಿದ್ದರೆ ಕಾರ್ಯ ಕಳೆಗಟ್ಟಲಿಲ್ಲವೆಂದೇ ಅರ್ಥ. 1940ರಲ್ಲಿ ಶುರುವಾದ ಅಹುಜಾ ಕಂಪನಿಯ ಆಂಪ್ಲಿಫೈಯರ್ ಇಲ್ಲದ ಶಾಮಿಯಾನದಂಗಡಿಯನ್ನು ನಾನಂತೂ ಇಲ್ಲಿ ಕಂಡಿಲ್ಲ. ಇಂಥ ಸೀಮೆಯಲ್ಲಿ, ಒಂದೇ ಕೋಣೆಗೆ ಕೇಳಿಸಿದರೆ ಸಾಕು ಎನ್ನುವ ಆಂಪ್ಲಿಫೈಯರ್ ಹುಡುಕಿಕೊಂಡು ಹೊರಟರೆ ಜನ ನಮ್ಮ ಆರೋಗ್ಯ ವಿಚಾರಿಸುತ್ತಾರೆ.

ಬೇಕಾಗಿದ್ದು ಅಣ್ಣನ ಮಗಳಿಗೆ. ಅವಳದು ಕಡಿಮೆ ಬೆಲೆಯ ಅಕೌಸ್ಟಿಕ್ ಗಿಟಾರ್; ಮೈಯೆಲ್ಲ ಪ್ಲೈವುಡ್. (ಪ್ಲೈವುಡ್ ಕಾರ್ಖಾನೆ ಕಂಡ ಹುಣಸೂರಿನವರು ಅದಕ್ಕೆ ಮೂಗು ಮುರಿಯಬಾರದು.) ಮನೆ ಇರುವುದು ಜಮೀನಿನಲ್ಲಿ, ಮೇಲೆ ಶೀಟು. ಮಳೆ ಹಿಡಿದರೆ ಗಿಟಾರ್ ಹಾಗಿರಲಿ, ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿಗೆ ಸೌದೆ ಹಾಕುವವರ ಕೂಗಾಟ ಬೇರೆ. ‘ಚಿಕ್ಕಪ್ಪಾ, ನಾನು ನುಡ್ಸೋದು ನಂಗೇ ಕೇಳ್ಸಲ್ಲ’ ಅಂದಳು. ಸೊಪ್ಪು ಹರಾಜಾಗಿ, ಅಣ್ಣ ಸಿಟ್ಟಿಲ್ಲದ ದಿನ ನೋಡಿ ಮಾತೆತ್ತಿದೆ. ಅವನ ವಾದವೂ ಗಟ್ಟಿಯಾಗಿಯೇ ಇತ್ತು. ಬೈಲಕುಪ್ಪೆಯಲ್ಲಿ 1961ರಿಂದ ಇರುವ ಟಿಬೆಟಿಯನ್ನರ ಡ್ರಾನ್ಯೆನ್ ವಾದ್ಯಕ್ಕೂ ಆರು ತಂತಿ. ‘ಅವರು ಅದನ್ನ ಬಾರಿಸ್ಕೊಂಡೇ ಕುಣೀತಾರೆ. ಅವರಿಗಿಲ್ಲದ ಕರೆಂಟು ಇವಳಿಗ್ಯಾಕ್ಲಾ?’

ಸಲಹೆಗೆ ಬರವಿರಲಿಲ್ಲ. ಮೈಕ್ ಸೆಟ್‌ನವನು ತನ್ನ ಹಳೇ ಸೆಟ್ಟು ಕೊಡಲು ಬಂದ, ಜೊತೆಗೆ ಎರಡು ಹಾರನ್ ಉಚಿತ. ಆದರೆ ಹಾರನ್ ಇರುವುದು ಭಾಷಣಕ್ಕೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಆ ತಗ್ಗುಸ್ವರ ಹಾರನ್ನಿನ ಬಾಯಿಗೆ ಬರುವುದೇ ಇಲ್ಲ. ಬ್ಲೂಟೂತ್ ಡಬ್ಬ ಸಾಕೆಂದವರೂ ಇದ್ದರು. ಗಾಳಿಯಲ್ಲಿ ಕಳಿಸಿದ ಸ್ವರ ಬೆರಳಿಗಿಂತ ತುಸು ತಡವಾಗಿ ಬರುತ್ತದೆ. ತಾಳ ಹಿಡಿಯುವವರ ಗತಿಯೇನು?

ಮೈಸೂರಿನ ಅಂಗಡಿಯಲ್ಲಿ ಮಾತೆಲ್ಲ ವ್ಯಾಟಿನದೇ. ‘40 ವ್ಯಾಟ್ ತಗೊಳ್ಳಿ ಸಾರ್, ಮುಂದೆ ಪ್ರೋಗ್ರಾಂಗೂ ಆಗುತ್ತೆ.’ ನನಗೆ ಎಂ.ವಿ. ಗೋಪಾಲಸ್ವಾಮಿಯವರ ನೆನಪಾಯಿತು. 1935ರಲ್ಲಿ ಇದೇ ಮೈಸೂರಿನ ತಮ್ಮ ಮನೆಯಿಂದ ಅವರು ‘ಆಕಾಶವಾಣಿ’ ಶುರುಮಾಡಿದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ಆ ವ್ಯಾಟಿನ ಕೆಲಸವೇ ಬೇರೆ, ಈ ವ್ಯಾಟಿನ ಕೆಲಸವೇ ಬೇರೆ, ಗೊತ್ತು. ಆದರೂ ಊರಿಗೆಲ್ಲ ಬಾನುಲಿ ಕೇಳಿಸಿದವರಿಗಿಂತ ಹತ್ತು ವ್ಯಾಟು ಹೆಚ್ಚು ನಮ್ಮ ಹುಡುಗಿಯ ಕೋಣೆಗೆ ಯಾಕೆ? ವ್ಯಾಟಿನ ಲೆಕ್ಕ ಹೇಗೂ ಮೋಸದ್ದು. ದುಪ್ಪಟ್ಟು ವ್ಯಾಟಿಗೆ ದುಡ್ಡು ತೆತ್ತರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಕೋಣೆಗೆ ಹತ್ತೋ ಹದಿನೈದೋ ಧಾರಾಳ.

ಅಗ್ಗಕ್ಕೆ ಸಿಗುವ ಪುಟ್ಟ ಆಂಪ್‌ಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಗಿಟಾರಿನವು. ಅವುಗಳ ಸ್ಪೀಕರಿಗೆ ಮೇಲಿನ ಸಣ್ಣ ಸ್ವರಗಳು ಹತ್ತುವುದಿಲ್ಲ. ಅಕೌಸ್ಟಿಕ್ ಗಿಟಾರನ್ನು ಅದಕ್ಕೆ ಸಿಕ್ಕಿಸಿದರೆ ಕಂಬಳಿ ಹೊದ್ದು ಮಾತಾಡಿದ ಹಾಗಿರುತ್ತದೆ. ಅಕೌಸ್ಟಿಕ್ಕಿಗೆಂದೇ ಮಾಡಿದ್ದು ಬೇಕು. ಫೆಂಡರ್‌ನ ಅಕೌಸ್ಟಾಸಾನಿಕ್ 15 ಆ ಜಾತಿ: 15 ವ್ಯಾಟು, 6 ಇಂಚಿನ ಸ್ಪೀಕರ್, ಗಿಟಾರಿಗೊಂದು ದಾರಿ, ಹಾಡುವವರ ಮೈಕಿಗೊಂದು ದಾರಿ. ನಾವು ತಂದದ್ದು ಅದಕ್ಕಿಂತ ಅಗ್ಗದ, ಅದೇ ಕುಲದ್ದು. ನಾನು ಹೇಳಿದ್ದು ಒಂದೇ: ನಿನ್ನ ಗಿಟಾರನ್ನೇ ತಗೊಂಡು ಹೋಗು, ಸದ್ದು ಕಮ್ಮಿ ಇಟ್ಟು ಕೇಳು. ಜೋರಾಗಿಟ್ಟಾಗ ಎಲ್ಲ ಆಂಪೂ ಗಂಡುಗಲಿಯೇ. ಮೆಲ್ಲಗೆ ನುಡಿಯುವಾಗ ಬಂಡವಾಳ ಬಯಲಾಗುತ್ತದೆ. ಅಂಗಡಿ ಹುಡುಗ ಬೆರಗಾದ. ‘ಕಮ್ಮಿ ಇಟ್ಟಾ? ಎಲ್ರೂ ಫುಲ್ ಇಟ್ಟೇ ನೋಡೋದು ಸಾರ್.’

ಆಂಪ್ ಮನೆಗೆ ಬಂತು. ಅದರ ಎದುರೇ ಕೂತು ನುಡಿಸಿದರೆ ಕುಯ್ ಅನ್ನುತ್ತಿತ್ತು. ಗಿಟಾರಿನ ಹೊಟ್ಟೆ ಟೊಳ್ಳಲ್ಲವೇ, ಸ್ಪೀಕರಿನ ಸದ್ದಿಗೆ ತಾನೂ ಅದುರಿ, ಆ ಅದುರನ್ನೇ ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಪಕ್ಕಕ್ಕೆ ತಿರುಗಿ ಕೂತದ್ದಕ್ಕೇ ಅದು ನಿಂತಿತು. ನುಡಿಸಿ ಮುಗಿದ ಮೇಲೆ ವೈರ್ ಕಿತ್ತಿಡದಿದ್ದರೆ ಗಿಟಾರಿನೊಳಗಿನ 9 ವೋಲ್ಟಿನ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆಂಬುದು ಎರಡು ಬ್ಯಾಟರಿ ತಂದ ಮೇಲೆ ಅಣ್ಣನಿಗೇ ಹೊಳೆಯಿತು.

ಗುಂಯ್ ಅನ್ನುವುದು ಮಾತ್ರ ಹೋಗಲೊಲ್ಲದು. ಎಲೆಕ್ಟ್ರಿಷಿಯನ್ ಬಂದು ಆಂಪ್ ಕಡೆ ತಿರುಗಿಯೂ ನೋಡದೆ ಸಾಕೆಟ್ ಬಿಚ್ಚಿದ. ಮೇಲಿನ ದಪ್ಪ ತೂತು ಬರೀ ಅಲಂಕಾರ. ಹಿಂದೆ ಅರ್ಥಿಂಗ್ ವೈರೇ ಇಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿ ಪೈಪು ಇಳಿಸಿದ್ದಾಯಿತು. ಉಪ್ಪು ಅಂಗಡಿಯಿಂದ ಬಂತು, ಇದ್ದಿಲು ಬ್ಯಾರನ್ನಿನಿಂದ. ವೈರು ಎಳೆದು ಮುಗಿಸಿ ನೀರು ಬಿಟ್ಟ ಮೇಲೆ ಗುಂಯ್‌ಗಾಟ ಅಡಗಿತು. ಅದಕ್ಕಾದ ಖರ್ಚಿಗೆ ಅಣ್ಣ ಗೊಣಗುತ್ತಿದ್ದರೆ ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದರು. ವರ್ಷಗಳಿಂದ ಮುಟ್ಟಿದರೆ ಜುಮ್ ಅನ್ನುತ್ತಿದ್ದ ಗ್ರೈಂಡರ್ ಈಗ ತಣ್ಣಗಿದೆಯಂತೆ. ‘ಗಿಟಾರ್ ಮೊದಲೇ ತಂದಿದ್ರೆ ಏನಾಗ್ತಿತ್ತು ನಿಮಗೆ?’