ವಾಟ್ ಕೇಳಬೇಡಿ, ಬೆನ್ನು ನೋಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆಗೆ ರೇಟು ಬಂದ ವರ್ಷ ಮನೆಗೆ ಹೋಂ ಥಿಯೇಟರ್ ಬರುವುದುಂಟು. ಕೊಳ್ಳುವವರು ಕೇಳುವುದು ವಾಟ್ ಎಷ್ಟೆಂದು. ನೋಡಬೇಕಾದ್ದು ಆಂಪ್ಲಿಫೈಯರಿನ ಬೆನ್ನನ್ನು. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಶಬ್ದಕ್ಕೆ ಎಚ್‌ಡಿಎಂಐ ಕೇಬಲ್ಲೇ ಬೇಕು. ಆಪ್ಟಿಕಲ್ ಕೇಬಲ್ಲಿಗೆ ಅಷ್ಟು ಹೊರುವ ತಾಕತ್ತಿಲ್ಲ, ಕುಗ್ಗಿಸಿದ 5.1 ದಾಟಿಸಿ ಕೈತೊಳೆದುಕೊಳ್ಳುತ್ತದೆ. ಹಾಗಾದರೆ ಎಚ್‌ಡಿಎಂಐ ಇಲ್ಲದ ಹಳೇ ಆಂಪ್ಲಿಫೈಯರ್ ಗುಜರಿಗೋ? ಅವಸರ ಬೇಡ. ಅದರ ಹಿಂದೆ ಆರು ಅನಲಾಗ್ ಇನ್‌ಪುಟ್ ಇದ್ದು, ಪ್ಲೇಯರಿನಲ್ಲೂ ಅಷ್ಟೇ ಔಟ್‌ಪುಟ್ ಇದ್ದರೆ, ಶಬ್ದ ಬಿಡಿಸುವ ಕೆಲಸವನ್ನು ಪ್ಲೇಯರಿಗೇ ವಹಿಸಬಹುದು. ಆಟಿ ತಿಂಗಳ ಮಳೆ ತಗಡಿನ ಶೀಟಿಗೆ ಬಡಿಯುವಾಗ ಈ ಸೂಕ್ಷ್ಮವೆಲ್ಲ ಯಾರ ಕಿವಿಗೆ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಸಿನಿಮಾವನ್ನು ಆಟಿಯಲ್ಲೇ ನೋಡಬೇಕೆಂದು ಕಟ್ಟಳೆಯೇನಿಲ್ಲವಲ್ಲ! ಮೇ ತಿಂಗಳ ಸಂಜೆಯ ಸಿಡಿಲಿನ ವಿಷಯದಲ್ಲಿ ಮಾತ್ರ ಆಪ್ಟಿಕಲ್ಲೇ ಮೇಲು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೂ ಪ್ಲಗ್ ಕಿತ್ತಿಡಿ.