ನಗೆಯ ಮೂಲೆಗೆ ಅರಿಸಿನ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರನ್ನೂ ನಡುಗಿಸುವ ಚಿಹ್ನೆಯೆಂದರೆ ಪೂರ್ಣವಿರಾಮ. ದೊಡ್ಡಪ್ಪ ಶಾಲೆಯಲ್ಲಿ ಕಲಿತ ಶಿಸ್ತಿನಂತೆ "ಸರಿ." ಎಂದು ಬರೆದು ಚುಕ್ಕೆ ಇಡುತ್ತಾರೆ. ಅವರ ಪಾಲಿಗೆ ಅಲ್ಲಿಗೆ ವಾಕ್ಯ ಮುಗಿಯಿತು. ಓದಿದ ಮೊಮ್ಮಗಳಿಗೋ ಸಂಬಂಧವೇ ಮುಗಿಯಿತೆಂಬ ಗಾಬರಿ. "ತಾತಂಗೆ ಯಾಕೆ ಸಿಟ್ಟು?" ಎಂದು ಅಜ್ಜಿಗೆ ಫೋನು ಹೋಗುತ್ತದೆ. ಅಜ್ಜಿ ಅಡುಗೆಮನೆಯಿಂದಲೇ "ಏನ್ರೀ, ಸಿಟ್ಟಂತೆ ನಿಮಗೆ?" ಎಂದು ಕೂಗುತ್ತಾರೆ. ಆಗ ಅವರಿಗೆ ನಿಜವಾಗಿ ಸಿಟ್ಟು ಬರುತ್ತದೆ.

ಎದುರು ಕೂತು ಆಡುವ ಮಾತಿಗೆ ಈ ತಾಪತ್ರಯವಿಲ್ಲ. "ಬಂದ್ಯಾ ಮಾರಾಯ, ಇಷ್ಟು ಬೇಗ!" ಎಂಬಲ್ಲಿ 'ಇಷ್ಟು' ಎಷ್ಟು ಉದ್ದ ಎಳೆದಿತ್ತೆಂಬುದರಿಂದಲೇ ನಾವೆಷ್ಟು ತಡವೆಂದು ತಿಳಿಯುತ್ತದೆ. ಅದನ್ನೇ ಟೈಪಿಸಿ ಕಳಿಸಿ ನೋಡಿ, ಆಚೆಯವನು ಹಿಗ್ಗಿ "ಹೂಂ, ಟ್ರಾಫಿಕ್ ಇರ್ಲಿಲ್ಲ" ಎನ್ನುತ್ತಾನೆ.

ಹಿಂದಿನವರು ಈ ವಿಷಯದಲ್ಲಿ ಜಾಣರು. ಕಾಗದದ ಮೂಲೆಗೆ ಅರಿಸಿನ ಹಚ್ಚಿದ್ದರೆ ಶುಭಸಮಾಚಾರ; ಬಿಡಿಸುವ ಮೊದಲೇ ಮುಖ ಸಿದ್ಧವಾಗುತ್ತಿತ್ತು. ಬೈಗುಳದ ಪತ್ರವೂ 'ಉಭಯ ಕುಶಲೋಪರಿ ಸಾಂಪ್ರತ' ದಾಟಿಯೇ ಬರಬೇಕಿತ್ತು, ಅಷ್ಟರಲ್ಲಿ ಬರೆಯುವವರ ಕಾವು ಅರ್ಧ ಇಳಿದಿರುತ್ತಿತ್ತು. ತಮಾಷೆಗೆ ಮಾತ್ರ ಅವರೂ ಯಾವ ಬಣ್ಣವನ್ನೂ ಹಚ್ಚಲಿಲ್ಲ.

ಹಚ್ಚಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್. 1982ರಲ್ಲಿ ಅಲ್ಲಿನ ಕಂಪ್ಯೂಟರ್ ಪಂಡಿತರು, ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಹನಿಯ ಗತಿ ಏನಾದೀತೆಂದು ಪರದೆಯ ಮೇಲೆ ಹರಟುತ್ತಿದ್ದರು. ಯಾರೋ ಕೀಟಲೆಗೆ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಜೋಕೆ ಎಂದು ಬರೆದರು. ಹಿಂದಿನ ಹರಟೆ ಓದದವರು ಅದನ್ನು ನಂಬಿಯೇ ಬಿಟ್ಟರು. ಸೆಪ್ಟೆಂಬರ್ 19ರಂದು ಫಾಲ್ಮನ್ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ ಜೋಡಿಸಿ ಅಡ್ಡಬಿದ್ದ ನಗುಮುಖ ಮಾಡಿ, ತಮಾಷೆಗೆಲ್ಲ ಇದನ್ನು ಹಾಕೋಣ ಎಂದರು. ಅದರ ಬೆನ್ನಿಗೇ, ನಮ್ಮ ಹರಟೆಯ ಪರಿ ನೋಡಿದರೆ ತಮಾಷೆಯಲ್ಲದ್ದಕ್ಕೆ ಗುರುತು ಹಾಕುವುದೇ ಮಿತವ್ಯಯ ಎಂದೂ ಸೇರಿಸಿದರು. ಅದಕ್ಕೆ ಕಂಸವನ್ನು ತಿರುಗಿಸಿಟ್ಟ ಜೋಲುಮುಖ.

ನನಗೆ ಹಿಡಿಸಿದ್ದು ಈ ಎರಡನೆಯ ಸಲಹೆಯೇ. 'ಇದು ಜೋಕು' ಎಂದು ಚೀಟಿ ಅಂಟಿಸಿದ ಜೋಕಿಗೆ ಜನ ನಗುವುದು ಬರೀ ಮರ್ಯಾದೆಗೆ. ಗುರುತಿಲ್ಲದೆ ಬಿಟ್ಟರೆ ನಾಲ್ವರಲ್ಲಿ ಒಬ್ಬರು ಮುನಿಸಿಕೊಂಡಾರು, ಆದರೆ ಉಳಿದವರು ಮನಸಾರೆ ನಗುತ್ತಾರೆ. (ಮುನಿಸಿಕೊಂಡವರು ಹತ್ತಿರದ ನೆಂಟರಾಗಿದ್ದರೆ ಲೆಕ್ಕ ಬೇರೆ.)

ಹಾಗೆ ನೋಡಿದರೆ ನಮ್ಮವರಿಗೆ ಕೈಮುಗಿದ ಎಮೋಜಿಯೊಂದೇ ಸಾಕು. ಹಬ್ಬಕ್ಕೂ ಅದೇ, ಸಾವಿಗೂ ಅದೇ, ಸಾಲ ಕೇಳಲಿಕ್ಕೂ ಅದೇ. 'ನಿಂಗೊಂದು ದೊಡ್ಡ ನಮಸ್ಕಾರ' ಎಂದು ಬಾಯಲ್ಲಿ ಅಂದು ರೂಢಿಯಿದ್ದವರಿಗೆ ಅದರೊಳಗಿನ ಚುಚ್ಚೂ ಗೊತ್ತು. ಮೊನ್ನೆ ನಾನು ಗುಂಪಿನಲ್ಲಿ ಉದ್ದನೆಯದೊಂದು ಹಾಸ್ಯಲೇಖನ ಹಾಕಿದೆ. ಸಾಲಾಗಿ ಮುಗಿದ ಕೈಗಳು ಬಂದವು. ಯಾವ ನಮಸ್ಕಾರವೆಂದು ಯಾರನ್ನೂ ಕೇಳಲು ಹೋಗಲಿಲ್ಲ. ಮೆಚ್ಚಿದ್ದಾರೆಂದುಕೊಂಡು ಇದನ್ನು ಬರೆಯುತ್ತಿದ್ದೇನೆ.