ಕಿವಿಗೆ ಸಂಗೀತ, ಕತ್ತಿಗೆ ಕೂಲಿ

ಹೆಡ್‌ಫೋನ್ ಮಾಡುವವರಿಗೆ ಮನುಷ್ಯ ಎಂದರೆ ಎರಡು ಕಿವಿ. ಆ ಎರಡು ಕಿವಿಗಳ ನಡುವೆ ಒಂದು ತಲೆಯಿದೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದೆ, ಮೂಗಿನ ಮೇಲೆ ಕನ್ನಡಕವಿದೆ, ಕೆಳಗೆ ಸ್ಪಾಂಡಿಲೈಟಿಸ್ ಹಿಡಿದ ಕತ್ತಿದೆ, ಪಕ್ಕದ ಕೋಣೆಯಲ್ಲಿ ಕರೆದರೆ ಓಗೊಡಬೇಕಾದ ಸಂಸಾರವಿದೆ ಎಂಬುದು ಜರ್ಮನಿಯವರಿಗಾಗಲಿ ಅಮೆರಿಕದವರಿಗಾಗಲಿ ಹೊಳೆದ ಹಾಗಿಲ್ಲ. ನನಗೆ ಇದು ಹೊಳೆದದ್ದು ಬಸವನಗುಡಿಯ ನಮ್ಮ ರಾಯರ ದಯೆಯಿಂದ.

ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಕೆಲವರು ಸೈಟು ಕೊಳ್ಳುತ್ತಾರೆ, ಕೆಲವರು ಕಾಶಿಗೆ ಹೋಗುತ್ತಾರೆ. ರಾಯರು ಹೆಡ್‌ಫೋನ್ ಕೊಂಡರು. ಒಂದನ್ನೇ ಕೊಂಡಿದ್ದರೆ ಅದು ಖರ್ಚಾಗುತ್ತಿತ್ತು. ಸಾಲಾಗಿ ಕೊಂಡದ್ದರಿಂದ ಹವ್ಯಾಸವಾಯಿತು. ಮನೆಯವರಿಗೆ ಹೇಳುವ ಬೆಲೆಯಲ್ಲಿ ಕೊನೆಯ ಸೊನ್ನೆಯನ್ನು ಅವರು ಉಚ್ಚರಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ, ಅವರ ಮನೆಯ ಕಾಫಿ ಕುಡಿದು, ಒಂದೊಂದನ್ನೂ ತಲೆಗೇರಿಸಿಕೊಂಡು ಅಭಿಪ್ರಾಯ ಹೇಳುವುದು ನನ್ನ ಪಾಲಿನ ಕೆಲಸ.

ಮೊದಲು ಬರುವುದು ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಹುಟ್ಟಿದ ಈ ಮಹಾಶಯ ಇನ್ನೂ ಮಾರುಕಟ್ಟೆಯಲ್ಲಿದ್ದಾನೆ. ಆಗಿನಿಂದ ಈಗಿನವರೆಗೆ ನಾವು ಎಷ್ಟು ಫೋನು, ಎಷ್ಟು ಟೀವಿ, ಎಷ್ಟು ಸರ್ಕಾರಗಳನ್ನು ಬದಲಾಯಿಸಿದೆವು ಎಂದು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ತೂಕ ಕಾಲು ಕೆ.ಜಿ. ಆಸುಪಾಸು, ಮಖಮಲ್ಲಿನ ಮೆತ್ತೆ. ಮನುಷ್ಯರ ಕಂಠವನ್ನು ಮನುಷ್ಯರ ಕಂಠವಾಗಿಯೇ ಕೇಳಿಸುವುದರಲ್ಲಿ ಇದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಒಂದು ತಾನ್ ಮುಗಿಸಿ ಇನ್ನೊಂದಕ್ಕೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ನಮ್ಮ ಉಸಿರೂ ಒಂದು ಕ್ಷಣ ನಿಲ್ಲುತ್ತದೆ. ಆದರೆ 300 ಓಮ್‌ನ ಆಸಾಮಿ. ಬರೀ ಫೋನಿಗೆ ಚುಚ್ಚಿದರೆ ದನಿ ಏಳುವುದಿಲ್ಲ, ಬೇರೆ ಆಂಪ್ಲಿಫೈಯರ್ ಬೇಕು. ಹೊಸದರಲ್ಲಿ ಹಿಡಿತವೂ ಬಿಗಿ. ಸಡಿಲಾಗಲೆಂದು ರಾಯರು ರಾತ್ರಿಯಿಡೀ ಅದನ್ನು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಒಂದು ಸಂಪುಟಕ್ಕೆ ತೊಡಿಸಿಡುತ್ತಿದ್ದರು. ಎಂಟು ಸಂಪುಟಗಳ ಆ ನಿಘಂಟಿಗೆ ಆ ಮನೆಯಲ್ಲಿ ದೊರೆತ ಮೊದಲ ಉದ್ಯೋಗ ಅದು.

ಅದೇ ಮನೆತನದ ದೊಡ್ಡಣ್ಣ ಎಚ್‌ಡಿ 800, 2009ರದ್ದು. 330 ಗ್ರಾಂ. ಇದರ ಬಟ್ಟಲು ಎಷ್ಟು ಅಗಲವೆಂದರೆ ಕಿವಿಗೆ ಎಲ್ಲೂ ಏನೂ ತಗಲುವುದಿಲ್ಲ, ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಸುಖದ ವಿಷಯದಲ್ಲಿ ನನ್ನ ಮೊದಲ ಓಟು ಇದಕ್ಕೇ. ಸಂಗೀತವೂ ತಲೆಯೊಳಗಲ್ಲ, ಸುತ್ತಲ ಬಯಲಿನಲ್ಲಿ ನಡೆಯುತ್ತದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣಾ ಕಛೇರಿಯೊಂದನ್ನು ಕೇಳುತ್ತಿದ್ದಾಗ ಎಡಗಡೆ ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ತಿರುಗಿ ನೋಡಿ "ಶ್" ಎಂದೆ. ರಾಯರ ಮನೆಯವರು ತಮಗೇ ಹೇಳಿದೆನೆಂದು ತಿಳಿದು ಕಾಫಿಯ ಎರಡನೇ ಸುತ್ತನ್ನು ರದ್ದು ಮಾಡಿದರು.

ಆದರೆ ಹಳೆಯ ಚಿತ್ರಗೀತೆ ಹಾಕಿದರೆ ಈ ದೊಡ್ಡಣ್ಣನ ಬಯಲೆಲ್ಲ ಬರಿದು. ಅರುವತ್ತರ ದಶಕದ ಹಾಡುಗಳು ಮೋನೋ. ಎರಡೂ ಕಿವಿಗೆ ಒಂದೇ ಸದ್ದು. ಆಗ ದನಿ ಸರಿಯಾಗಿ ತಲೆಯ ನಡುಮಧ್ಯದಲ್ಲಿ ಹುಟ್ಟುತ್ತದೆ. ಲಕ್ಷ ರೂಪಾಯಿಯ ವೇದಿಕೆ ಹಾಕಿಸಿಕೊಟ್ಟರೂ ಪಿ.ಬಿ. ಶ್ರೀನಿವಾಸರು ನಮ್ಮ ಹುಬ್ಬುಗಳ ನಡುವೆ, ಕುಂಕುಮ ಇಡುವ ಜಾಗದಲ್ಲೇ ನಿಂತು ಹಾಡುತ್ತಾರೆ. ಜೊತೆಗೆ ಟೇಪಿನ ಗುಸುಗುಸು, 'ಸ'ಕಾರ 'ಶ'ಕಾರಗಳ ಮೊನೆ ಎಲ್ಲವನ್ನೂ ಎಚ್‌ಡಿ 800 ಚಾಡಿ ಹೇಳುತ್ತದೆ. ಈ ಮೊನೆಯನ್ನು ತಗ್ಗಿಸಿದ 800 ಎಸ್ 2016ರಲ್ಲಿ ಬಂತು. ರಾಯರಿಗೆ ಅದೂ ಬೇಕು. ಎರಡರ ನಡುವಣ ವ್ಯತ್ಯಾಸವನ್ನು ಮನೆಯವರು ಗಮನಿಸಲಾರರು ಎಂಬುದೇ ಅವರ ಧೈರ್ಯ.

ಮೂರನೆಯದು ಕ್ಯಾಲಿಫೋರ್ನಿಯಾದ ಆಡೆಜಿ ಎಲ್‌ಸಿಡಿ-2. ಇದರಲ್ಲಿ ಶಂಕುವಿನಾಕಾರದ ಸ್ಪೀಕರ್ ಇಲ್ಲ. ತೆಳ್ಳನೆಯ ಹಾಳೆಯ ಮೇಲೆ ತಂತಿಯ ಗೆರೆ ಮೂಡಿಸಿ, ಅದನ್ನು ಅಯಸ್ಕಾಂತಗಳ ಎದುರು ಬಿಗಿದಿರುತ್ತಾರೆ. ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ಮೃದಂಗದ ತೊಪ್ಪಿಯ ನಾದ ಇದರಲ್ಲಿ ಕೇಳಬೇಕು. ಗುಂ ಎಂದದ್ದು ಕಿವಿಗೆ ಮೊದಲು ಕೇಳಿತೋ ಎದೆಗೆ ಮೊದಲು ತಾಗಿತೋ ಎಂದು ಗೊಂದಲವಾಗುತ್ತದೆ. ಇಷ್ಟು ಸುಖಕ್ಕೆ ಕಾರಣವಾದ ಅಯಸ್ಕಾಂತಗಳೇ ಕಷ್ಟಕ್ಕೂ ಕಾರಣ. ತೂಕ ಅರ್ಧ ಕೆ.ಜಿ. ಮೀರುತ್ತದೆ. ತೊಗರಿಬೇಳೆಯ ಪೊಟ್ಟಣವನ್ನು ತಲೆಯ ಮೇಲಿಟ್ಟುಕೊಂಡು ತನಿಯಾವರ್ತನ ಕೇಳಿದ ಹಾಗೆ. ತಾಳ ಹಾಕಲು ತಲೆದೂಗಿದರೆ ಅರ್ಧ ಆವರ್ತ ತಡವಾಗಿ ಹೆಡ್‌ಫೋನೂ ತೂಗುತ್ತದೆ. ಬಾಲಮುರಳಿಯವರ ಒಂದು ದೀರ್ಘ ಕಛೇರಿ ಮುಗಿಯುವ ಹೊತ್ತಿಗೆ ಮಂಗಳಕ್ಕೆ ಬದಲಾಗಿ ನಾನು ಅಮೃತಾಂಜನ ಕೇಳಿದ್ದುಂಟು.

ಕನ್ನಡಕದ ಕಥೆ ಬೇರೆ. ಕನ್ನಡಕದ ಕಡ್ಡಿ ಕಿವಿಯ ಹತ್ತಿರ ಮೆತ್ತೆಯನ್ನು ಒಂದು ಕೂದಲೆಳೆಯಷ್ಟು ಎತ್ತಿದರೂ ಸಾಕು, ಆ ಸಂದಿಯಲ್ಲಿ ಮಂದ್ರವೆಲ್ಲ ಸೋರಿಹೋಗುತ್ತದೆ. ಕನ್ನಡಕ ತೆಗೆದರೆ ತೊಪ್ಪಿ ಕೇಳುತ್ತದೆ, ಯಾವ ರಾಗವೆಂದು ಪರದೆಯ ಮೇಲೆ ಓದಲಾಗುವುದಿಲ್ಲ. ಹಾಕಿಕೊಂಡರೆ ರಾಗ ಕಾಂಬೋಧಿಯೆಂದು ಓದಬಹುದು, ತೊಪ್ಪಿ ಇಲ್ಲ. ಓದದೆಯೇ ರಾಗ ಗುರುತಿಸಬಲ್ಲವರು ಈ ಸಂಕಟಕ್ಕೆ ಸಿಕ್ಕುವುದಿಲ್ಲ, ನಿಜ. ಅವರು ಇಷ್ಟು ಬೆಲೆಯ ಹೆಡ್‌ಫೋನ್ ಕೊಳ್ಳುವುದೂ ಇಲ್ಲ. ಇನ್ನು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಚರ್ಮದ ಮೆತ್ತೆಯ ಒಳಗೆ ಕಿವಿ ಬೇಯುವುದನ್ನು ನಾನು ವರ್ಣಿಸುವುದಿಲ್ಲ.

ಬ್ರೂಕ್ಲಿನ್ನಿನ ಗ್ರಾಡೋ ಹಗುರ. 1953ರಿಂದ ಒಂದೇ ಕುಟುಂಬ ನಡೆಸುತ್ತಿರುವ ಕಸುಬು. ಗಿಟಾರು ಅದರಲ್ಲಿ ಮೈಮೇಲೆ ಬರುತ್ತದೆ. ಸ್ಪಂಜಿನ ಮೆತ್ತೆ ಕಿವಿಯ ಮೇಲೆಯೇ ಕೂರುವುದರಿಂದ ನವೆ ಮಾತ್ರ ತಪ್ಪಿದ್ದಲ್ಲ.

ಜಪಾನಿನ ಸ್ಟಾಕ್ಸ್‌ನದ್ದು ರಾಜವೈಭವ. 1960ರಿಂದ ಅವರು ಸ್ಥಿರವಿದ್ಯುತ್ತಿನ ಹೆಡ್‌ಫೋನ್ ಮಾಡುತ್ತಿದ್ದಾರೆ. ಕೆಲವೇ ಮೈಕ್ರಾನ್ ದಪ್ಪದ ಪೊರೆಗೆ 580 ವೋಲ್ಟ್ ಕೊಟ್ಟು ಕುಣಿಸುತ್ತಾರೆ. ತಂಬೂರಿಯ ಜೀವಾಳ ಎಂದರೇನೆಂದು ನನಗೆ ಗೊತ್ತಾದದ್ದು ಇದರಲ್ಲಿ. ತಂತಿಯ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಬಿಚ್ಚಿಕೊಂಡಿತು. ವೋಲ್ಟಿನ ಲೆಕ್ಕವನ್ನು ರಾಯರು ಹೆಮ್ಮೆಯಿಂದ ಹೇಳುತ್ತಿದ್ದಾಗ ಅವರ ತಾಯಿ ಒಳಗಿನಿಂದ ಬಂದರು. ಎಂಬತ್ತು ದಾಟಿದ ಅಜ್ಜಿ.

"ಅಯ್ಯೋ, ಅಷ್ಟು ಕರೆಂಟು ಕಿವಿ ಹತ್ರ ಇಟ್ಕೊಂಡು ಕೂತಿದೀಯೇನೋ? ಗೀಸರ್ ಸ್ವಿಚ್ ಮುಟ್ಟಕ್ಕೆ ಹೆದರ್ತಿದ್ದೋನು ನೀನು!"

"ಅಮ್ಮಾ, ವೋಲ್ಟು ಜಾಸ್ತಿ, ಹರಿಯೋ ಕರೆಂಟು ಏನೇನೂ ಇಲ್ಲ. ಏನೂ ಆಗಲ್ಲ, ನೀನೂ ಕೇಳು."

ಅಜ್ಜಿ ಕರೆಂಟಿಲ್ಲದ್ದನ್ನು ಕೊಡು ಎಂದರು. ಎಚ್‌ಡಿ 600 ಹಾಕಿದೆವು. ಮೇಲಿನ ಪಟ್ಟಿ ತುರುಬಿನ ಹಿಂದೆ ಹೋಗಬೇಕೋ ಮುಂದೆ ಬರಬೇಕೋ ಎಂಬ ಚರ್ಚೆಯಾಯಿತು. ಅಜ್ಜಿಯ ಬೆಂಡೋಲೆ ಮೆತ್ತೆಗೆ ಒತ್ತಿ ಕಿವಿ ಕೆಂಪಾಯಿತು. ಬಿಚ್ಚಿಡಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಿಂಬದಿ ತೆರೆದಿರುವ ಇಂಥ ಹೆಡ್‌ಫೋನುಗಳ ಪರಂಪರೆ 1968ರ ಸೆನ್‌ಹೈಸರ್ ಎಚ್‌ಡಿ 414ರಿಂದ ಶುರುವಾದದ್ದು. ಒಳಗಿನ ಹಾಡು ಮನೆಗೆಲ್ಲ ಕೇಳುತ್ತದೆ, ಮನೆಯ ಸದ್ದೆಲ್ಲ ಒಳಗೆ ಬರುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರನ್ನು ಕಣ್ಣುಮುಚ್ಚಿ ಕೇಳುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಗಟ್ಟಿಯಾಗಿ, "ಕುಕ್ಕರ್ ಮೂರಾಯ್ತು, ಆರಿಸ್ರೇ!" ಎಂದರು. ಎಲ್ಲ ಪರೀಕ್ಷೆಯಲ್ಲೂ ಗೆದ್ದದ್ದು ಯಾವುದೆಂದು ನನಗೆ ಆಗಲೇ ಗೊತ್ತಾಯಿತು. ಹೊರಗಿನ ಸದ್ದನ್ನು ಅಳಿಸಿಹಾಕುವ ಹೆಡ್‌ಫೋನ್ ಒಂದನ್ನು ರಾಯರ ಮಗ ತಂದುಕೊಟ್ಟಿದ್ದಾನೆ. ಅದನ್ನು ಹಾಕಿಕೊಂಡು ಕೂತ ದಿನ ಬೇಳೆ ಸೀದು, ಅದು ಈಗ ಬೀರುವಿನಲ್ಲಿದೆ.

ರಾಯರ ಕಣ್ಣು ಈಗ ಸೆನ್‌ಹೈಸರ್‌ನ ಎಚ್‌ಇ 1 ಮೇಲೆ. 2015ರಲ್ಲಿ ಪ್ರಕಟವಾದದ್ದು, ಆಗಿನ ಬೆಲೆ ಸುಮಾರು 50 ಸಾವಿರ ಯೂರೋ. ಅದರ ಆಂಪ್ಲಿಫೈಯರಿನ ಮೈ ಇಟಲಿಯ ಅಮೃತಶಿಲೆ. ಸ್ವಿಚ್ ಒತ್ತಿದರೆ ಗಾಜಿನ ಕೊಳವೆಗಳು ಕಲ್ಲಿನೊಳಗಿಂದ ಮೇಲೇಳುತ್ತವಂತೆ. ಮನೆಯವರಲ್ಲಿ ಮೊನ್ನೆ ಪೀಠಿಕೆ ಹಾಕಿದ್ದಾರೆ, ಇಟಲಿಯ ಅಮೃತಶಿಲೆ ತರಿಸೋಣವೇ ಎಂದು. ಅವರು ತಕ್ಷಣ ಒಪ್ಪಿ, ಅಡುಗೆಮನೆ ಕಟ್ಟೆಯ ಅಳತೆ ತೆಗೆಯಲು ಮೇಸ್ತ್ರಿಗೆ ಹೇಳಿಕಳಿಸಿದ್ದಾರೆ.